ಮೆಲ್ಲಗೆ ಕರಗುವ ಜಿಂಕು, ಬೇಗ ಕರಗುವ ದುಡ್ಡು

(ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ರೈತರ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)



ಬೆಲೆ, ಸಾಲ, ಬಡ್ಡಿ ಅಂತ ಮಾತಾಡೋ ಸಭೆಯಲ್ಲಿ ನಿಂತು ಇವನ್ಯಾಕೆ ಜಿಂಕ್ ಸಲ್ಫೇಟಿನ ಪಾಠ ಶುರು ಮಾಡಿದ ಅಂತ ನಿಮಗೆ ಅನ್ನಿಸಬಹುದು. ಕಾರಣ ಇದೆ. ನಮ್ಮ ಸಾಲ ಒಂದೇ ದಿನ ಬೆಟ್ಟದಂತೆ ಬಂದು ಬೀಳೋದಿಲ್ಲ. ಅಂಗಡಿ ಚೀಟಿಯಲ್ಲಿ ಆರುನೂರು, ಎಂಟುನೂರು ಅಂತ ಸಾಲು ಸಾಲಾಗಿ ಬೆಳೆಯುತ್ತದೆ. ಆ ಚೀಟಿಯಲ್ಲಿ ಯೂರಿಯಾ, ಡಿಎಪಿ ಆದ ಮೇಲೆ ಕೆಳಗಡೆ ನಾಲ್ಕೈದು ಸಾಲು ಇರುತ್ತದಲ್ಲ, ಡಬ್ಬ, ಬಾಟಲಿ, ಬಕೆಟ್ಟು, ಅದರ ಲೆಕ್ಕ ನಾವು ಯಾರೂ ಕೇಳುವುದಿಲ್ಲ. ಇವತ್ತು ಆ ಒಂದು ಸಾಲಿನ ಲೆಕ್ಕ ಕೇಳೋಣ. ಈಗ ಅಂಗಡಿಗಳಲ್ಲಿ ಹೊಸ ಮಾತು ಬಂದಿದೆ: "ಇದು ಮಾಮೂಲಿ ಜಿಂಕಲ್ಲ ಯಜಮಾನ್ರೇ, ಮೆಲ್ಲಗೆ ಬಿಡುಗಡೆ ಆಗೋ ಜಿಂಕು. ಒಂದು ಸಲ ಹಾಕಿ, ಮೂರು ಬೆಳೆ ಮರೆತುಬಿಡಿ." ಈ ಮಾತಿನಲ್ಲಿ ನಿಜ ಎಷ್ಟು, ಬಣ್ಣ ಎಷ್ಟು ಅಂತ ನೋಡೋಣ.

ಮೊದಲು ನಾನು ಮೋಸಹೋದ ಕಥೆ ಹೇಳಿಬಿಡ್ತೇನೆ. ನಮ್ಮದು ಜಾವಗಲ್ ಕಡೆ ಹಳ್ಳಿ. ಹಳೇಬೀಡಿಗೂ ಹತ್ತಿರ, ಅರಸೀಕೆರೆಗೂ ಹೋಗಿಬರ್ತೇವೆ. ನಾಲ್ಕು ಎಕರೆ ಮುಸುಕಿನ ಜೋಳ ಹಾಕಿದ್ದೆ. ಎರಡು ವಾರದ ಪೈರಿನ ಸುಳಿಯಲ್ಲಿ ಬಿಳಿ ಪಟ್ಟೆ ಬಂತು. ಅಂಗಡಿಯವರು ನೋಡದೆಯೇ ಹೇಳಿದರು, ಜಿಂಕ್ ಕಮ್ಮಿ ಅಂತ. ಅದು ಸರಿಯೇ ಇತ್ತು. ಆದರೆ ಕೊಟ್ಟದ್ದು ಏನು? ಎಕರೆಗೊಂದು ಬಕೆಟ್ಟು, ಬಕೆಟ್ಟಿಗೆ ಆರುನೂರೈವತ್ತು. ನಾಲ್ಕಕ್ಕೆ ಎರಡು ಸಾವಿರದ ಆರುನೂರು, ಸಾಲದ ಮೇಲೆ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಆರು ತಿಂಗಳಿಗೆ ಮುನ್ನೂರಹನ್ನೆರಡು ಸೇರಿ ಎರಡು ಸಾವಿರದ ಒಂಬೈನೂರ ಹನ್ನೆರಡು ಆಯಿತು. ಜೋಳ ತೂಕಕ್ಕೆ ಹಾಕಿದಾಗ ಮೊದಲು ಅದನ್ನೇ ಮುರಿದುಕೊಂಡರು. ಪೈರಿನ ಬಿಳಿ ಪಟ್ಟೆ ಮಾತ್ರ ಹೋಗಲಿಲ್ಲ. ಆಮೇಲೆ ಮನೆಗೆ ಬಂದು ಬಕೆಟ್ಟು ತಿರುಗಿಸಿ ನೋಡಿದೆ. ಮುಂದೆ ತೆನೆಯ ಚಿತ್ರ. ಹಿಂದೆ ಇರುವೆ ಸಾಲಿನಂಥ ಅಕ್ಷರ. ಜಿಂಕ್ ಶೇಕಡಾ ಎಷ್ಟು ಅಂತ ಎಲ್ಲೂ ಇಲ್ಲ. ತಪ್ಪು ಅವರದ್ದು ಎಷ್ಟೋ, ಕೇಳದೇ ಕೊಂಡ ನನ್ನದೂ ಅಷ್ಟೇ. ಆ ಎರಡು ಸಾವಿರದ ಒಂಬೈನೂರ ಹನ್ನೆರಡು ರೂಪಾಯಿ ನಾನು ಕಟ್ಟಿದ ಸ್ಕೂಲ್ ಫೀಸು ಅಂತ ಇಟ್ಟುಕೊಳ್ಳಿ. ನೀವು ಕಟ್ಟುವುದು ಬೇಡ.

ಗ್ರಾಂ ಲೆಕ್ಕದ ಸರಕು

ಜಿಂಕ್ ಅಂದರೆ ನಮ್ಮ ಕನ್ನಡದ ಸತು. ಮನೆ ಮೇಲಿನ ತಗಡಿಗೆ ತುಕ್ಕು ಹಿಡಿಯದಂತೆ ಬಳಿದಿರುತ್ತಾರಲ್ಲ, ಅದೇ ಲೋಹ. ಗಿಡಕ್ಕೆ ಇದು ಬೇಕು ಅನ್ನುವುದು ತಿಳಿದು ನೂರು ವರ್ಷವಾಯಿತು. 1869ರಲ್ಲಿ ಫ್ರಾನ್ಸಿನ ರೌಲಿನ್ ಅನ್ನುವವರು ಒಂದು ಬೂಷ್ಟಿನ ಮೇಲೆ ಇದನ್ನು ತೋರಿಸಿದರು. 1926ರಲ್ಲಿ ಅಮೆರಿಕದ ಸೊಮ್ಮರ್ ಮತ್ತು ಲಿಪ್‌ಮನ್ ದೊಡ್ಡ ಗಿಡಗಳಿಗೂ ಇದು ಬೇಕೇಬೇಕು ಅಂತ ಸಾಧಿಸಿದರು. ನಮ್ಮ ದೇಶದಲ್ಲಿ ಕಣ್ಣು ತೆರೆಸಿದ್ದು ಭತ್ತ. ಹಿಮಾಲಯದ ತಪ್ಪಲಿನ ತರಾಯಿ ಪ್ರದೇಶದಲ್ಲಿ ನಾಟಿಯಾದ ಎರಡು ಮೂರು ವಾರಕ್ಕೆ ಭತ್ತದ ಎಲೆಗೆ ತುಕ್ಕಿನ ಬಣ್ಣದ ಚುಕ್ಕೆ ಬಂದು ಪೈರು ಕುಳ್ಳಾಗಿ ನಿಲ್ಲುತ್ತಿತ್ತು. ಅಲ್ಲಿಯ ರೈತರು ಅದನ್ನು ಖೈರಾ ಅಂತಿದ್ದರು. ಅದು ಅಂಟುರೋಗ ಅಲ್ಲ, ಜಿಂಕಿನ ಕೊರತೆ ಅಂತ 1966ರಲ್ಲಿ ಪಂತನಗರದ ವೈ.ಎಲ್. ನೇನೆ ಅವರು ತೋರಿಸಿಕೊಟ್ಟರು. ಜಿಂಕ್ ಸಲ್ಫೇಟಿಗೆ ಸುಣ್ಣ ಸೇರಿಸಿ ಸಿಂಪಡಿಸಿದರೆ ಪೈರು ಚೇತರಿಸಿಕೊಳ್ಳುತ್ತಿತ್ತು. ಈ ಸುಣ್ಣದ ಮಾತು ನೆನಪಿಡಿ, ಮತ್ತೆ ಅಲ್ಲಿಗೇ ಬರ್ತೇನೆ.

ಈಗ ಎಷ್ಟು ಬೇಕು ಅಂತ ನೋಡೋಣ. ಎಕರೆಗೆ ಇಪ್ಪತ್ತು ಕ್ವಿಂಟಲ್ ಜೋಳ ಬಂದರೆ ಆ ಕಾಳಿನೊಳಗೆ ಹೋಗುವ ಜಿಂಕ್ ನಲವತ್ತರಿಂದ ಐವತ್ತು ಗ್ರಾಂ. ದಂಟು, ಗರಿ ಎಲ್ಲ ಸೇರಿಸಿದರೂ ನೂರು ಗ್ರಾಂ ಆಸುಪಾಸು. ಒಂದು ಲೋಟದಷ್ಟೂ ಇಲ್ಲ. ನಾವು ಹಾಕುವುದೆಷ್ಟು? ಮಾಮೂಲು ಶಿಫಾರಸು ಹೆಕ್ಟೇರಿಗೆ 25 ಕಿಲೋ, ಅಂದರೆ ಎಕರೆಗೆ 10 ಕಿಲೋ ಜಿಂಕ್ ಸಲ್ಫೇಟ್. ಹರಳಿನಂತಿರುವ ಆ ಸಲ್ಫೇಟಿನಲ್ಲಿ ಜಿಂಕ್ 21 ಶೇಕಡಾ. ಹತ್ತು ಕಿಲೋದಲ್ಲಿ ಎರಡು ಕಿಲೋ ನೂರು ಗ್ರಾಂ ಜಿಂಕ್ ಆಯಿತು. ಎರಡು ಸಾವಿರದ ನೂರು ಗ್ರಾಂ ಹಾಕಿ ನೂರು ಗ್ರಾಂ ಪಡೆದೆವು. ನೂರಕ್ಕೆ ಐದು. ಎಷ್ಟೋ ಹೊಲದಲ್ಲಿ ಅದಕ್ಕೂ ಕಡಿಮೆ.

ಉಳಿದದ್ದು ಎಲ್ಲಿ ಹೋಯಿತು? ಈ ಪ್ರಶ್ನೆಗೆ ಉತ್ತರ ಗೊತ್ತಾದರೆ ಅಂಗಡಿಯವರ ಮಾತಿನ ಅರ್ಧ ಸಿಕ್ಕು ಬಿಡಿಸಿದ ಹಾಗೆ.

ಯೂರಿಯಾ ಓಡಿಹೋಗುತ್ತದೆ, ಜಿಂಕ್ ಅವಿತುಕೊಳ್ಳುತ್ತದೆ

ಯೂರಿಯಾ ಹಾಕಿದರೆ ಒಂದಿಷ್ಟು ನೀರಿನ ಜೊತೆ ಇಳಿದುಹೋಗುತ್ತದೆ, ಒಂದಿಷ್ಟು ಗಾಳಿಗೆ ಹಾರುತ್ತದೆ. ಅದಕ್ಕೇ ಯೂರಿಯಾ ಮೆಲ್ಲಗೆ ಕೆಲಸ ಮಾಡಲಿ ಅಂತ ಬೇವಿನೆಣ್ಣೆ ಲೇಪ ಕೊಟ್ಟರು. 2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಅದು ಕಡ್ಡಾಯವಾಯಿತು. ಓಡಿಹೋಗುವ ದನಕ್ಕೆ ಹಗ್ಗ ಕಟ್ಟುವುದು ನ್ಯಾಯ.

ಜಿಂಕ್ ಹಾಗಲ್ಲ. ಅದು ಮಣ್ಣು ಬಿಟ್ಟು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಜೇಡಿಯ ಕಣಕ್ಕೆ ಅಂಟಿಕೊಳ್ಳುತ್ತದೆ, ಸುಣ್ಣದ ಕಲ್ಲಿಗೆ ಕಚ್ಚಿಕೊಳ್ಳುತ್ತದೆ, ರಂಜಕದ ಜೊತೆ ಸೇರಿ ಕರಗದ ಫಾಸ್ಫೇಟ್ ಆಗುತ್ತದೆ. ಹೊಲದಲ್ಲೇ ಇರುತ್ತದೆ, ಬೇರಿನ ಕೈಗೆ ಸಿಗುವುದಿಲ್ಲ. ಹಗೇವಿನಲ್ಲಿ ರಾಗಿ ಇದೆ, ಬಾಯಿಗೆ ಚಪ್ಪಡಿ ಮುಚ್ಚಿದೆ, ಅಷ್ಟೇ. ಆ ಚಪ್ಪಡಿ ಸ್ವಲ್ಪ ಸ್ವಲ್ಪ ಸರಿಯುತ್ತದೆ. ಆದ್ದರಿಂದಲೇ ಒಮ್ಮೆ ಹಾಕಿದ ಜಿಂಕ್ ಸಲ್ಫೇಟ್ ಎರಡು ಮೂರು ಬೆಳೆಗೆ ಬರುತ್ತದೆ. ಗಮನಿಸಿ ಕೇಳಿ: ನೀರಿನಲ್ಲಿ ಥಟ್ಟನೆ ಕರಗುವ ಮಾಮೂಲಿ ಜಿಂಕ್ ಸಲ್ಫೇಟೇ ಮಣ್ಣು ಸೇರಿದ ಮೇಲೆ ಮೆಲ್ಲಗೆ ಬಿಡುವ ಗೊಬ್ಬರ ಆಗಿಬಿಡುತ್ತದೆ. "ಮೂರು ಬೆಳೆಗೆ ಸಾಕು" ಅನ್ನೋದು ಹೊಸ ಬಕೆಟ್ಟಿನ ಮಹಿಮೆ ಅಲ್ಲ, ಹಳೇ ಚೀಲಕ್ಕೂ ಇರುವ ಗುಣ.

ಹಾಗಾದರೆ ಮೆಲ್ಲಗೆ ಬಿಡುವ ಜಿಂಕ್ ಅನ್ನುವುದೇ ಸುಳ್ಳಾ? ಸುಳ್ಳಲ್ಲ. ಆದರೆ ಯಾವ ಮಣ್ಣಿಗೆ ಅನ್ನುವ ಪ್ರಶ್ನೆ ಬರುತ್ತದೆ. ಮಣ್ಣಿನ ಹುಳಿ, ಕ್ಷಾರ ಅಳೆಯುವ ಅಂಕಿಗೆ ರಸಸಾರ ಅಂತಾರೆ. ಏಳು ಅಂದರೆ ಸಮ. ಕೆಳಗೆ ಇಳಿದರೆ ಹುಳಿ, ಮೇಲೆ ಏರಿದರೆ ಕ್ಷಾರ. ರಸಸಾರ ಒಂದು ಅಂಕಿ ಮೇಲೇರಿದರೆ ಮಣ್ಣಿನ ನೀರಿನಲ್ಲಿ ಕರಗಿರುವ ಜಿಂಕ್ ನೂರು ಪಟ್ಟು ಇಳಿಯುತ್ತದೆ. ಹತ್ತು ಪಟ್ಟಲ್ಲ ಸ್ವಾಮಿ, ನೂರು ಪಟ್ಟು. ಬೇಲೂರಿನ ಪಡುವಲಿಗೆ, ಕಾಫಿ ತೋಟದ ಕಡೆ, ಮಳೆ ಜಾಸ್ತಿ, ಮಣ್ಣು ಹುಳಿ. ಪೂರ್ವಕ್ಕೆ ಬಂದಂತೆ ಮಳೆ ಕಮ್ಮಿ. ಅರಸೀಕೆರೆ ಕಡೆ ಆಳದ ಬೋರ್‌ವೆಲ್ಲಿನ ಸವುಳು ನೀರು ಕಟ್ಟಿ ಕಟ್ಟಿ ಮಣ್ಣು ಕ್ಷಾರಕ್ಕೆ ತಿರುಗುತ್ತದೆ. ಆ ನೀರಿನ ಬೈಕಾರ್ಬೊನೇಟು ಜಿಂಕಿಗೆ ದೊಡ್ಡ ಶತ್ರು. ನಡುವೆ ಇರೋದು ಹಳೇಬೀಡು. ಹೆಚ್ಚು ಕೆಂಪು ಮಣ್ಣು, ಅಲ್ಲಲ್ಲಿ ಕಪ್ಪು ಮಣ್ಣು. ಒಂದೇ ಬಸ್ಸಿನ ದಾರಿಯಲ್ಲಿ ಮೂರು ಥರದ ಮಣ್ಣು. ಮೂರಕ್ಕೂ ಒಂದೇ ಬಕೆಟ್ಟು ಹೇಗೆ ಸರಿಹೋದೀತು?

ಕರಗುವುದು, ಕಚ್ಚಿ ಹಿಡಿಯುವುದು, ಮೆಲ್ಲಗೆ ಬಿಡುವುದು

ಅಂಗಡಿಯಲ್ಲಿ ಸಿಗುವ ಜಿಂಕನ್ನು ಮೂರು ಗುಂಪು ಮಾಡಿ ನೆನಪಿಟ್ಟುಕೊಳ್ಳಿ.

ಮೊದಲನೆಯದು ಥಟ್ಟನೆ ಕರಗುವುದು, ಸಲ್ಫೇಟ್. ಇದರಲ್ಲೂ ಎರಡು. ಹರಳಿನೊಳಗೆ ಏಳು ಪಾಲು ನೀರಿರುವುದು ಹೆಪ್ಟಾಹೈಡ್ರೇಟ್, ಜಿಂಕ್ 21 ಶೇಕಡಾ. ಒಂದು ಪಾಲು ನೀರಿರುವುದು ಮೊನೊಹೈಡ್ರೇಟ್, 33 ಶೇಕಡಾ. ಎರಡೂ ಒಂದೇ ಸರಕು, ನೀರಿನ ತೂಕ ಹೆಚ್ಚು ಕಮ್ಮಿ.

ಎರಡನೆಯದು ಕಚ್ಚಿ ಹಿಡಿಯುವುದು, ಚೀಲೇಟ್ ಅಂತಾರೆ. ಗ್ರೀಕ್ ಭಾಷೆಯಲ್ಲಿ ಏಡಿಯ ಕೊಂಡಿ ಅಂತ ಅರ್ಥ. ಗದ್ದೆ ಬದುವಿನ ಏಡಿ ಬೆರಳು ಹಿಡಿದರೆ ಹೇಗೆ ಬಿಡುವುದಿಲ್ಲವೋ ಹಾಗೆ ಇಡಿಟಿಎ ಅನ್ನುವ ವಸ್ತು ಜಿಂಕನ್ನು ಹಿಡಿದುಕೊಂಡು ಮಣ್ಣಿನ ಕೈಗೆ ಕೊಡದೆ ಕಾಪಾಡುತ್ತದೆ. ಇದರಲ್ಲಿ ಜಿಂಕ್ 12 ಶೇಕಡಾ. ಇದು ಮೆಲ್ಲಗೆ ಕರಗುವ ವಸ್ತು ಅಲ್ಲ, ನೀರಿನಲ್ಲಿ ಪೂರ್ತಿ ಕರಗುತ್ತದೆ. ಇನ್ನೊಂದು ವಿಚಾರ, ಹುಳಿ ಮಣ್ಣಿನಲ್ಲಿ ಕಬ್ಬಿಣ ಬಂದು ಜಿಂಕನ್ನು ತಳ್ಳಿ ಆ ಕೊಂಡಿಯೊಳಗೆ ತಾನು ಕೂರುತ್ತದೆ. ಬೇಲೂರಿನ ಹುಳಿ ಮಣ್ಣಿಗೆ ದುಬಾರಿ ಚೀಲೇಟ್ ಸುರಿಯುವುದು ಕಬ್ಬಿಣಕ್ಕೆ ಕುರ್ಚಿ ಕೊಂಡುಕೊಟ್ಟ ಹಾಗೆ.

ಮೂರನೆಯದು ನಿಜವಾಗಿ ಮೆಲ್ಲಗೆ ಬಿಡುವ ಜಾತಿ. ಜಿಂಕ್ ಆಕ್ಸೈಡ್ ಇದರಲ್ಲಿ ಹಳೆಯದು. ಬಿಳಿ ಪುಡಿ, ಶುದ್ಧ ರೂಪದಲ್ಲಿ 80 ಶೇಕಡಾ ಜಿಂಕೇ. ನೀರಿನಲ್ಲಿ ಕರಗುವುದಿಲ್ಲ, ಹುಳಿಯಲ್ಲಿ ಕರಗುತ್ತದೆ. 39.5 ಶೇಕಡಾ ಅಂತ ಬಾಟಲಿಯಲ್ಲಿ ಗಂಜಿಯಂತೆ ಬರುವುದೂ ಇದೇ. ಆಮೇಲೆ ಗಾಜಿನೊಳಗೆ ಜಿಂಕ್ ಸೇರಿಸಿ ಕರಗಿಸಿ, ಬಳೆ ಚೂರಿನಂತೆ ಪುಡಿ ಮಾಡಿದ್ದು ಒಂದಿದೆ. ಗಾಜು ಸವೆದಂತೆ ಜಿಂಕ್ ಬಿಡುತ್ತದೆ. ಇನ್ನೊಂದು ಪಾಲಿಫಾಸ್ಫೇಟ್. ರಂಜಕದ ಉದ್ದ ಸರಪಳಿಗೆ ಜಿಂಕ್ ಪೋಣಿಸಿದ್ದು. ನೀರಿಗೆ ಬಗ್ಗುವುದಿಲ್ಲ, ಬೇರು ಸ್ರವಿಸುವ ಹುಳಿಗೆ ಬಗ್ಗುತ್ತದೆ. ಗಿಡ ಕೇಳಿದಾಗ ಕೊಡುತ್ತದೆ ಅನ್ನುವುದು ಇದರ ತತ್ವ, ತತ್ವ ಒಳ್ಳೆಯದೇ. ಜಿಂಕ್ ಲೇಪಿಸಿದ ಯೂರಿಯಾ ಕೂಡ ಇದೆ.

ಈ ಮೂರನೇ ಜಾತಿಗೆಲ್ಲ ಒಂದು ನಿಯಮ. ಪುಡಿ ನಯವಾಗಿರಬೇಕು, ಮಣ್ಣು ಹುಳಿಯಾಗಿರಬೇಕು. ಹುಳಿ ಮಣ್ಣಿನಲ್ಲಿ ನಯವಾದ ಆಕ್ಸೈಡ್ ಸಲ್ಫೇಟಿಗೆ ಸಮವಾಗಿ ಕೆಲಸ ಮಾಡುತ್ತದೆ. ಅದೇ ಆಕ್ಸೈಡನ್ನು ದಪ್ಪ ಹರಳು ಮಾಡಿ ಅರಸೀಕೆರೆಯ ಕ್ಷಾರ ಮಣ್ಣಿಗೆ ಹಾಕಿದರೆ ಅದು ಮೆಲ್ಲಗೆ ಅಲ್ಲ, ಬಿಡುಗಡೆಯೇ ಆಗುವುದಿಲ್ಲ. ಬೆಳೆ ಕೊಯ್ದ ಮೇಲೂ ಹರಳು ಹರಳಾಗಿಯೇ ಇರುತ್ತದೆ. ಅಮೆರಿಕದ ಕೊಲೊರಾಡೋದಲ್ಲಿ 1990ರ ದಶಕದಲ್ಲಿ ಮುಸುಕಿನ ಜೋಳದ ಮೇಲೆಯೇ ಇದನ್ನು ಪರೀಕ್ಷೆ ಮಾಡಿದರು. ಹರಳು ಗೊಬ್ಬರದ ಜಿಂಕಿನಲ್ಲಿ ಸುಮಾರು ಅರ್ಧದಷ್ಟಾದರೂ ನೀರಿನಲ್ಲಿ ಕರಗುವಂತಿದ್ದರೇ ಆ ವರ್ಷದ ಬೆಳೆಗೆ ಉಪಯೋಗ ಅಂತ ಕಂಡುಕೊಂಡರು. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮಾತು ಇದು: "ಒಟ್ಟು ಜಿಂಕ್ ಎಷ್ಟು? ಅದರಲ್ಲಿ ನೀರಿಗೆ ಕರಗೋದೆಷ್ಟು?" ಎರಡಕ್ಕೂ ಉತ್ತರ ಇಲ್ಲದಿದ್ದರೆ ಬಕೆಟ್ಟು ಅಲ್ಲೇ ಇಟ್ಟು ಬನ್ನಿ.

ನಮ್ಮ ಮನೆಯಲ್ಲೇ ಆಗುವ ಮೆಲ್ಲಗೆ ಬಿಡುವ ಜಿಂಕು

ಬೋರ್ಡೋ ದ್ರಾವಣ ಗೊತ್ತಿಲ್ಲದ ತೋಟದ ರೈತರು ಇಲ್ಲಿ ಯಾರೂ ಇಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಸಾಹೇಬರು ಅಡಿಕೆಯ ಕೊಳೆರೋಗಕ್ಕೆ ಅದನ್ನು ತೋರಿಸಿಕೊಟ್ಟರು. ಬರೀ ಮೈಲುತುತ್ತ ಹೊಡೆದರೆ ಒಮ್ಮೆಗೇ ಕರಗಿ ಎಲೆ ಸುಡುತ್ತದೆ, ಮಳೆಗೆ ತೊಳೆದುಹೋಗುತ್ತದೆ. ಸುಣ್ಣ ಸೇರಿಸಿದರೆ ಕರಗದ ತಾಮ್ರವಾಗಿ ಎಲೆಗೆ ಅಂಟಿ, ಇಬ್ಬನಿಗೂ ಮಳೆಗೂ ಚೂರು ಚೂರೇ ಕರಗುತ್ತದೆ. ಮೆಲ್ಲಗೆ ಬಿಡುಗಡೆ ಅನ್ನುವ ವಿದ್ಯೆ ನಮ್ಮ ಅಜ್ಜಂದಿರ ಕಾಲದಿಂದ ತೋಟದ ಪೀಪಾಯಿಯಲ್ಲಿ ಇತ್ತು, ಹೆಸರು ಮಾತ್ರ ಇರಲಿಲ್ಲ.

ಜಿಂಕಿಗೂ ಅದೇ. ಇನ್ನೂರು ಲೀಟರ್ ನೀರಿಗೆ ಒಂದು ಕಿಲೋ ಹರಳು ಜಿಂಕ್ ಸಲ್ಫೇಟ್, ಅರ್ಧ ಕಿಲೋ ಸುಣ್ಣ. ಸುಣ್ಣ ಬೇರೆ ಕರಗಿಸಿ, ಬಟ್ಟೆಯಲ್ಲಿ ಸೋಸಿ ಸೇರಿಸಬೇಕು. ಮೊನೊಹೈಡ್ರೇಟ್ ಆದರೆ ಆರುನೂರೈವತ್ತು ಗ್ರಾಂ ಸಾಕು. ಕರಗಿದ ಜಿಂಕ್ ಸುಣ್ಣದ ಜೊತೆ ಸೇರಿ ಬಿಳಿ ಹಾಲಿನಂತಾಗುತ್ತದೆ. ಅದೇ ಎಲೆಯ ಮೇಲೆ ಕೂತು ಮೆಲ್ಲಗೆ ಒಳಗಿಳಿಯುತ್ತದೆ. ಖೈರಾಕ್ಕೆ ಮದ್ದಾಗಿದ್ದೂ ಇದೇ. ನಿಂತ ಪೈರಿಗೆ ಇದಕ್ಕಿಂತ ಅಗ್ಗದ ಉಪಾಯ ನಾನು ಕಂಡಿಲ್ಲ.

ಎರಡನೇ ಉಪಾಯ ತಿಪ್ಪೆ. ಹತ್ತು ಕಿಲೋ ಜಿಂಕ್ ಸಲ್ಫೇಟನ್ನು ನೂರರಿಂದ ಇನ್ನೂರು ಕಿಲೋ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಕಲಸಿ, ತೇವ ಮಾಡಿ, ನೆರಳಲ್ಲಿ ಮೂರು ನಾಲ್ಕು ವಾರ ಬಿಡಿ. ಗೊಬ್ಬರ ಕಳಿಯುವಾಗ ಹುಟ್ಟುವ ಆಮ್ಲಗಳು ಜಿಂಕನ್ನು ಅದೇ ಏಡಿಯ ಹಾಗೆ ಹಿಡಿದುಕೊಳ್ಳುತ್ತವೆ. ಚೀಲೇಟಿಗೆ ಕಾರ್ಖಾನೆ ಬೇಕು ಅಂತಿಲ್ಲ, ದನ ಇದ್ದರೆ ಸಾಕು. ಇದನ್ನು ಬಿತ್ತನೆ ಸಾಲಿಗೆ ಕೊಡಿ. ಒಂದು ಎಚ್ಚರಿಕೆ: ಡಿಎಪಿ ಜೊತೆ ಒಂದೇ ಮಂಕರಿಯಲ್ಲಿ ಕಲಸಬೇಡಿ. ಎರಡೂ ಸೇರಿದರೆ ಜಿಂಕ್ ಫಾಸ್ಫೇಟ್ ಆಗಿ ಕೂರುತ್ತದೆ. ಡಿಎಪಿ ಬೇರೆ ದಿನ, ಜಿಂಕ್ ಬೇರೆ ದಿನ. ವರ್ಷ ವರ್ಷ ಡಿಎಪಿ ಜಾಸ್ತಿ ಸುರಿದ ಹೊಲದಲ್ಲೇ ಜಿಂಕಿನ ಕೊರತೆ ಹೆಚ್ಚು ಕಾಣುವುದಕ್ಕೆ ಇದೂ ಒಂದು ಕಾರಣ.

ಆಲೂಗಡ್ಡೆ ಬೆಳೆದವರಿಗೆ ಒಂದು ಮಾತು. ಅಂಗಮಾರಿಗೆ ಅಂತ ಡೈಥೇನ್ ಎಂ-45 ಹೊಡೆದು ಹೊಡೆದು ಕೈ ಸೋತಿರುವವರು ಹಾಸನ ಜಿಲ್ಲೆಯಲ್ಲಿ ಎಷ್ಟು ಜನ! ಆ ಮ್ಯಾಂಕೋಜೆಬ್ ಅನ್ನುವ ಔಷಧಿಯೊಳಗೆ ಮ್ಯಾಂಗನೀಸ್ ಜೊತೆ ಸ್ವಲ್ಪ ಜಿಂಕೂ ಇದೆ. ಎಲೆಗೆ ಒಂದಿಷ್ಟು ಜಿಂಕ್ ನಮಗೆ ಗೊತ್ತಿಲ್ಲದೇ ಸಿಕ್ಕಿತ್ತು. ಆಲೂಗಡ್ಡೆ ಬಿಟ್ಟು ಜೋಳಕ್ಕೆ ಬಂದವರಿಗೆ ಅದು ನಿಂತಿತು. ಮುಸುಕಿನ ಜೋಳವೋ, ಜಿಂಕಿನ ಕೊರತೆಯನ್ನು ಮೊದಲು ತೋರಿಸುವ ಬೆಳೆ.

ಹಾಗಂತ ಕಂಡದ್ದಕ್ಕೆಲ್ಲ ಜಿಂಕ್ ಅನ್ನಬೇಡಿ. ಅರಸೀಕೆರೆ ಕಡೆ ತೆಂಗಿನ ಎಳೆ ಗರಿ ಕೊಕ್ಕೆಯಂತೆ ಮಡಚಿಕೊಂಡರೆ ಅದು ಬೋರಾನ್ ಕೊರತೆಯ ಗುರುತು. ಅದಕ್ಕೆ ಜಿಂಕ್ ಸುರಿದರೆ ಹೊಟ್ಟೆನೋವಿಗೆ ಕಾಲಿಗೆ ಎಣ್ಣೆ ಹಚ್ಚಿದ ಹಾಗೆ.

ಚೀಲದ ಬೆಲೆಯಲ್ಲ, ಜಿಂಕಿನ ಬೆಲೆ

ಈಗ ನಿಜವಾದ ಲೆಕ್ಕ. ಇದನ್ನು ಮಕ್ಕಳ ಕೈಲಿ ಸ್ಲೇಟಿನ ಮೇಲೆ ಮಾಡಿಸಿ. ದರ ನಾನು ಲೆಕ್ಕಕ್ಕೆ ಅಂತ ಇಟ್ಟುಕೊಂಡದ್ದು, ನೀವು ನಿಮ್ಮ ಅಂಗಡಿಯ ದರ ಹಾಕಿಕೊಳ್ಳಿ.

ಹರಳು ಸಲ್ಫೇಟ್ ಹತ್ತು ಕಿಲೋಗೆ 700 ರೂಪಾಯಿ ಅನ್ನಿ. ಒಳಗಿರುವ ಜಿಂಕ್ 2.1 ಕಿಲೋ. ಭಾಗಿಸಿದರೆ ಜಿಂಕ್ ಕಿಲೋಗೆ 333 ರೂಪಾಯಿ.

ಮೊನೊಹೈಡ್ರೇಟ್ ಐದು ಕಿಲೋಗೆ 500 ಅನ್ನಿ. ಒಳಗೆ 1.65 ಕಿಲೋ. ಜಿಂಕ್ ಕಿಲೋಗೆ 303.

ಮೆಲ್ಲಗೆ ಬಿಡುವ ಹರಳು, ಜಿಂಕ್ 6 ಶೇಕಡಾ, ಹತ್ತು ಕಿಲೋ ಬಕೆಟ್ಟಿಗೆ 450 ಅನ್ನಿ. ಒಳಗೆ 600 ಗ್ರಾಂ. ಜಿಂಕ್ ಕಿಲೋಗೆ 750. ನೋಡಿ, ಬಕೆಟ್ಟು ಅಗ್ಗ, ಜಿಂಕ್ ಎರಡು ಪಟ್ಟಿಗೂ ಮೇಲೆ ದುಬಾರಿ.

ಚೀಲೇಟ್ ಒಂದು ಕಿಲೋಗೆ 480 ಅನ್ನಿ. ಒಳಗೆ 120 ಗ್ರಾಂ. ಜಿಂಕ್ ಕಿಲೋಗೆ ನಾಲ್ಕು ಸಾವಿರ! ಎಲೆಗೆ ಸಿಂಪಡಿಸಲು ಲೀಟರಿಗೆ ಅರ್ಧ ಗ್ರಾಮಿನಿಂದ ಒಂದು ಗ್ರಾಂ ಲೆಕ್ಕದಲ್ಲಿ ಬಳಸಿದರೆ ಪರವಾಗಿಲ್ಲ. ಮಣ್ಣಿಗೆ ಹಾಕುವುದು ನಮ್ಮಂಥವರ ಕೆಲಸವಲ್ಲ. ನ್ಯಾನೋ ಅನ್ನಿ, ಇನ್ನೊಂದು ಅನ್ನಿ, ಯಾವ ಹೊಸ ಹೆಸರು ಬಂದರೂ ಇದೇ ಭಾಗಾಕಾರ ಮಾಡಿ.

ಇನ್ನು ಕಲಬೆರಕೆ. ಜಿಂಕ್ ಸಲ್ಫೇಟಿಗೂ ಮೆಗ್ನೀಸಿಯಂ ಸಲ್ಫೇಟಿಗೂ ನೋಡೋಕೆ ವ್ಯತ್ಯಾಸವೇ ಇಲ್ಲ, ಬೆಲೆಯಲ್ಲಿ ಮಾತ್ರ ಬಹಳ ವ್ಯತ್ಯಾಸ. ಅದನ್ನು ಇದಕ್ಕೆ ಬೆರೆಸುವುದು ಹಳೇ ಚಾಳಿ. ಹಳೇಬೀಡಿನ ಗುಡಿ ಕೆತ್ತಿದ ಬಳಪದ ಕಲ್ಲಿನಲ್ಲೇ ಮೆಗ್ನೀಸಿಯಂ ಇದೆ, ಅದನ್ನು ಜಿಂಕಿನ ಬೆಲೆಗೆ ಯಾಕೆ ಕೊಳ್ಳಬೇಕು? ಪರೀಕ್ಷೆ ಸುಲಭ. ಗಾಜಿನ ಲೋಟದಲ್ಲಿ ಒಂದು ಚಮಚ ಸರಕು ಕರಗಿಸಿ, ತೆಳುವಾದ ಕಾಸ್ಟಿಕ್ ಸೋಡಾ ನೀರು ಸ್ವಲ್ಪ ಸ್ವಲ್ಪ ಹಾಕಿ. ಎರಡರಲ್ಲೂ ಗಂಜಿಯಂತೆ ಬಿಳಿ ಗಸಿ ಬರುತ್ತದೆ. ಮತ್ತೆ ಗಟ್ಟಿಯಾದ ಸೋಡಾ ನೀರು ಹೆಚ್ಚು ಹಾಕಿ ಕದಡಿ. ಜಿಂಕ್ ಆದರೆ ಗಸಿ ಕರಗಿ ನೀರು ತಿಳಿಯಾಗುತ್ತದೆ. ಮೆಗ್ನೀಸಿಯಂ ಆದರೆ ಎಷ್ಟು ಹಾಕಿದರೂ ಬಿಳಿಯಾಗಿಯೇ ನಿಲ್ಲುತ್ತದೆ. ಸೋಡಾ ಕೈ ಸುಡುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಮಕ್ಕಳನ್ನು ದೂರ ಇಟ್ಟು ಮಾಡಿ.

ಜಿಂಕ್ ಸಲ್ಫೇಟ್ 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪಟ್ಟಿಯಲ್ಲಿದೆ. ಶೇಕಡಾವಾರು ಚೀಲದ ಮೇಲೆ ಇರಲೇಬೇಕು, ಬಿಲ್ಲು ಕೊಡಲೇಬೇಕು. "ಬಿಲ್ಲು ಯಾಕೆ ಗೌಡ್ರೇ, ನಂಬಿಕೆ ಇಲ್ವಾ?" ಅಂದರೆ, "ನಂಬಿಕೆ ಐತೆ, ಬಿಲ್ಲೂ ಇರ್ಲಿ" ಅನ್ನಿ. ಅನುಮಾನ ಬಂದರೆ ಚೀಲ ಪೂರ್ತಿ ಖಾಲಿ ಮಾಡುವ ಮೊದಲೇ ರೈತ ಸಂಪರ್ಕ ಕೇಂದ್ರಕ್ಕೆ ಬರವಣಿಗೆಯಲ್ಲಿ ದೂರು ಕೊಡಿ. ಬಿಲ್ಲಿಲ್ಲದ ದೂರಿಗೆ ಕಾಲಿಲ್ಲ.

ಮೊದಲು ಮಣ್ಣು ಕೇಳಿ

ಇದೆಲ್ಲಕ್ಕೂ ಮೊದಲು ನಿಮ್ಮ ಹೊಲಕ್ಕೆ ಜಿಂಕ್ ಬೇಕೋ ಬೇಡವೋ ತಿಳಿಯಬೇಕು. ದೇಶದ ಮಣ್ಣಿನಲ್ಲಿ ಮೂರರಲ್ಲಿ ಒಂದಕ್ಕೂ ಮೇಲೆ ಜಿಂಕ್ ಕಡಿಮೆ ಅಂತ ಪರೀಕ್ಷೆಗಳು ಹೇಳುತ್ತವೆ. ಅಂದರೆ ಉಳಿದವಕ್ಕೆ ಬೇಕಿಲ್ಲ ಅಂತಲೂ ಆಯಿತಲ್ಲ! 2009ರಲ್ಲಿ ನಮ್ಮ ರಾಜ್ಯದಲ್ಲಿ ಇಕ್ರಿಸ್ಯಾಟ್ ಜೊತೆ ಭೂಚೇತನ ಶುರುವಾದಾಗ ಮಣ್ಣು ಪರೀಕ್ಷಿಸಿ, ಕೊರತೆ ಇದ್ದ ಕಡೆ ಜಿಪ್ಸಂ, ಜಿಂಕ್ ಸಲ್ಫೇಟ್, ಬೋರಾಕ್ಸನ್ನು ಅರ್ಧ ಬೆಲೆಗೆ ಕೊಟ್ಟರು. 2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶ ಇವೆ, ಜಿಂಕೂ ಒಂದು. ಮಣ್ಣಿನಲ್ಲಿ ಜಿಂಕ್ 0.6 ಪಿಪಿಎಂಗಿಂತ ಕೆಳಗಿದ್ದರೆ ಕೊರತೆ ಅಂತ ಸಾಮಾನ್ಯ ಲೆಕ್ಕ. ನನ್ನ ಹೊಲದ್ದು 0.4, ರಸಸಾರ 8.2. ಬಕೆಟ್ಟಿನ ಆಕ್ಸೈಡ್ ಯಾಕೆ ಕೆಲಸ ಮಾಡಲಿಲ್ಲ ಅಂತ ಆಗ ತಿಳಿಯಿತು. ಮಣ್ಣು ತೆಗೆಯುವಾಗ ತಗಡಿನ ಬಕೆಟ್ಟಿನಲ್ಲಿ ಕಲಸಬೇಡಿ. ತಗಡಿನ ಸತುವೇ ಮಣ್ಣಿಗೆ ಸೇರಿ ಲೆಕ್ಕ ತಪ್ಪುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ.

ಮಾರನೇ ವರ್ಷ ತಿಪ್ಪೆಯಲ್ಲಿ ಕಲಸಿದ ಸಲ್ಫೇಟ್ ಹಾಕಿದೆ. ಒಂದು ಪಟ್ಟಿ ಮಾತ್ರ ಬೇಕೂಂತಲೇ ಬಿಟ್ಟೆ. ಬಿಟ್ಟ ಪಟ್ಟಿಯಲ್ಲಿ ಬಿಳಿ ಪಟ್ಟೆ, ಹಾಕಿದ ಕಡೆ ಹಸಿರು. ದಾರಿಹೋಕರೂ ನಿಂತು ಕೇಳುತ್ತಿದ್ದರು. ನೀವೂ ಏನು ಹೊಸದು ಹಾಕಿದರೂ ಒಂದು ಪಟ್ಟಿ ಬಿಡಿ. ಅದಕ್ಕಿಂತ ದೊಡ್ಡ ವಿಜ್ಞಾನಿ ಇಲ್ಲ.

ಸಭೆಯಲ್ಲಿ ಒಬ್ಬ ಹಿರಿಯರು ಕೇಳಿದರು: "ನಮ್ಮಪ್ಪ ಯಾವ ಜಿಂಕೂ ಹಾಕ್ಲಿಲ್ಲ ಕಣಪ್ಪ, ರಾಗಿ ಬೆಳೀಲಿಲ್ವಾ?" ಬೆಳೆದರು, ಅಜ್ಜಾ. ಆದರೆ ಎಕರೆಗೆ ಎಷ್ಟು? ಇಳುವರಿ ಕಡಿಮೆ, ಹೊಲ ಕೊಡಬೇಕಾದ್ದೂ ಕಡಿಮೆ. ಮೇಲಾಗಿ ಅವರು ಗಾಡಿಗಟ್ಟಲೆ ಗೊಬ್ಬರ ಹೊಡೆಯುತ್ತಿದ್ದರು, ಬೇಸಿಗೆಯಲ್ಲಿ ಕೆರೆಗೋಡು ಹೊರುತ್ತಿದ್ದರು. ಒಂದು ಟನ್ ಒಣ ಕೊಟ್ಟಿಗೆ ಗೊಬ್ಬರದಲ್ಲಿ ಹತ್ತಾರು ಗ್ರಾಂ ಜಿಂಕ್ ಇರುತ್ತದೆ. ನಿಮ್ಮಪ್ಪ ಜಿಂಕ್ ಹಾಕಲಿಲ್ಲ ಅಂತ ಅಲ್ಲ, ಹೆಸರು ಹೇಳದೆ ಹಾಕಿದರು, ಸಾಲ ಮಾಡದೆ ಹಾಕಿದರು.

ಕೊನೆಗೆ ಬೆಲೆಯ ಮಾತು. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂದಾಗ ಜಿಂಕ್ ಬೆರೆಸಿದ ಗೊಬ್ಬರಕ್ಕೆ ಟನ್ನಿಗೆ 500 ರೂಪಾಯಿ ಹೆಚ್ಚುವರಿ ಇಟ್ಟರು. ಐವತ್ತು ಕಿಲೋ ಚೀಲಕ್ಕೆ 25 ರೂಪಾಯಿ ಆಯಿತು. ಬಿಡಿಯಾಗಿ ಕೊಳ್ಳುವ ಸಲ್ಫೇಟಿನ ಭಾರ ಹೆಚ್ಚಾಗಿ ನಮ್ಮ ಹೆಗಲ ಮೇಲೇ. 700 ರೂಪಾಯಿ ಜಿಂಕ್ ಕೊಳ್ಳಲು ಎಷ್ಟು ಜೋಳ ಮಾರಬೇಕು? 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 2,400. ಆ ಬೆಲೆ ಸಿಕ್ಕರೆ 29 ಕಿಲೋ ಸಾಕು. 2025ರ ನವೆಂಬರಿನಲ್ಲಿ ಮಾರುಕಟ್ಟೆ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದು ಜೋಳದ ರೈತರು ಬೀದಿಗೆ ಬಂದದ್ದು ನೋಡಿದ್ದೀರಿ. ಬೆಲೆ 1,600 ಆದರೆ ಅದೇ ಜಿಂಕಿಗೆ 44 ಕಿಲೋ ಅಳೆಯಬೇಕು. ಜಿಂಕ್ ಬದಲಾಗಲಿಲ್ಲ, ಮಣ್ಣು ಬದಲಾಗಲಿಲ್ಲ, ತಕ್ಕಡಿ ಬದಲಾಯಿತು.

ಆ ತಕ್ಕಡಿಯ ಜಗಳ ನಾವು ಒಟ್ಟಾಗಿ ಆಡಬೇಕಾದ್ದು. ಆದರೆ ಬಕೆಟ್ಟು ತಿರುಗಿಸಿ ಶೇಕಡಾ ಓದುವುದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಡ. ಮನೆಗೆ ಹೋದವರು ಇವತ್ತು ರಾತ್ರಿಯೇ ಅಂಗಡಿ ಚೀಟಿ ತೆಗೆಯಿರಿ. ಕೆಳಗಿನ ಸಾಲುಗಳನ್ನು ಓದಿ. ಒಂದೊಂದರ ಎದುರಿಗೂ ಬರೆಯಿರಿ: ಮಣ್ಣು ಕೇಳಿತ್ತಾ, ಅಂಗಡಿ ಕೇಳಿತ್ತಾ? ಮಣ್ಣು ಕೇಳಿದ್ದನ್ನು ಕೊಡೋಣ. ಉಳಿದದ್ದು ಮುಂದಿನ ವರ್ಷದ ಚೀಟಿಯಲ್ಲಿ ಇರಬಾರದು.